ತೋ ಗುರುಗಳ ನಡಿಗೆ

ಬಿಂಗ್ ಸಮ್‌ನ ಕಸುಬೇ ಬೀಳುವುದು. ಹಾಂಗ್‌ಕಾಂಗಿನ ಕುಂಗ್‌ಫೂ ಸಿನಿಮಾಗಳಲ್ಲಿ ನಾಯಕ ಒಂದೇಟು ಕೊಟ್ಟರೆ ಮೇಜು ಮುರಿದುಕೊಂಡು ಅಂಗಾತ ಬೀಳುವವನು ಇವನೇ. ಇಪ್ಪತ್ತು ವರ್ಷ ಹೀಗೆ ಬಿದ್ದ ಮೇಲೆ ಕೊನೆಗೂ ಅದೃಷ್ಟ ಖುಲಾಯಿಸಿತು. ಊರಿಗೆಲ್ಲ ಬೇಕಾದ ಜನಪದ ವೀರನೊಬ್ಬನ ಮೇಲಿನ ಹಾಸ್ಯಚಿತ್ರದಲ್ಲಿ ವೀರನ ಮುಂಗೋಪಿ ಗುರುವಿನ ಪಾತ್ರ ಸಿಕ್ಕಿತು.

"ಜನ ಬಿದ್ದೂ ಬಿದ್ದೂ ನಗ್ಬೇಕು ಕಣಯ್ಯಾ! ಏನಾದ್ರೂ ಮಾಡು," ಎಂದ ನಿರ್ದೇಶಕ.

ಬಿಂಗ್ ಸಮ್ ಮಾಡಿದ. ಎಡಗಾಲು ಎಳೆದು, ಸೊಂಟ ತಿರುಚಿ, ಎರಡು ಹೆಜ್ಜೆಗೊಮ್ಮೆ ಗೊಣಗಿ ನಡೆದ. ಅದು ತೋ ಗುರುಗಳ ನಡಿಗೆ! ಇವನಿಗೆ ವಿದ್ಯೆ ಕಲಿಸಿದ, ಯೌ ಮಾ ತೇ ಬಡಾವಣೆಯ ಸಂದಿಯಲ್ಲಿ ಜನರ ಮುರಿದ ಮೂಳೆಗೆ ಕಟ್ಟು ಹಾಕಿ ಹೊಟ್ಟೆ ಹೊರೆಯುವ ಮುದುಕರದು. ಆ ಕಾಲಾದರೂ ಮುರಿದದ್ದು ಹೇಗೆ? ಸಿಂಹನೃತ್ಯದಲ್ಲಿ ಕಂಬದ ಮೇಲಿಂದ ಜಾರಿದ ಇವನ ಅಡಿಗೆ ಅವರೇ ನುಗ್ಗಿ ಬಿದ್ದದ್ದರಿಂದ. ಥೂ, ನಗಿಸಲು ಇವನಿಗೆ ಬೇರೇನೂ ಸಿಗಲಿಲ್ಲವೇ!

ಚಿತ್ರ ಭರ್ಜರಿಯಾಗಿ ಓಡಿತು. ಒಂದು ದಿನ ಗುರುಗಳ ಬೀದಿಯಲ್ಲಿ ಮೀನುಂಡೆ ಮಾರುವ ಹೆಂಗಸು ಇವನನ್ನು ತಡೆದು ನಿಲ್ಲಿಸಿದಳು.

"ನಿಮ್ಮ ಗುರುಗಳು ಬೀದಿಗೆ ಬರೋದೇ ಬಿಟ್ಟಿದ್ದಾರೆ, ಗೊತ್ತಾ? ಬಂದ್ರೆ ಸಾಕು, ಮಾರ್ಕೆಟ್ಟಿನ ಪೋಲಿಗಳೆಲ್ಲ ಹಿಂದೇನೇ ಕಾಲೆಳ್ಕೊಂಡು ನಡೀತಾರೆ. ಭಲೇ ಶಿಷ್ಯ ಕಣಯ್ಯಾ ನೀನು!"

ಬಿಂಗ್ ಸಮ್ ಗುರುಗಳ ಬಾಗಿಲವರೆಗೆ ಮೂರು ಸಲ ಹೋಗಿ ಮೂರು ಸಲವೂ ವಾಪಸು ಬಂದ.

ಅಷ್ಟರಲ್ಲಿ ಅವರ ಗರಡಿಯ ಮೂಲಗುರುವಿನ ಪೂಜೆಯ ದಿನ ಬಂತು. ಅಂದು ಶಿಷ್ಯರೆಲ್ಲ ಮಂಡಿಯೂರಿ ಗುರುವಿಗೆ ಚಹಾ ಕೊಡಬೇಕು. ಗುರು ಕುಡಿದರೆ ಶಿಷ್ಯನಾಗಿ ಉಳಿದ. ನೆಲಕ್ಕೆ ಚೆಲ್ಲಿದರೆ ಋಣ ಹರಿಯಿತು, ಇನ್ನು ಗುರುವಿನ ಹೊಸಿಲು ತುಳಿಯುವ ಹಾಗಿಲ್ಲ.

ಬಿಂಗ್ ಸಮ್ ಎಲ್ಲರಿಗಿಂತ ಕೊನೆಗೆ ಬಂದು ಮಂಡಿಯೂರಿದ. ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ತಪ್ಪಾಯ್ತು ಗುರುಗಳೇ. ಹೊಡೀರಿ, ಬೈರಿ..."

"ಏಯ್, ಆರೋಗತ್ತೆ, ಕೊಡೋ ಇಲ್ಲಿ!" ಗುರುಗಳು ಗಟಗಟನೆ ಕುಡಿದು ಮುಗಿಸಿದರು. "ಸಿನಿಮಾ ನೋಡ್ದೆ ಕಣೋ. ಎಲ್ಲರ ಜೊತೆ ನಾನೂ ನಕ್ಕೆ."

ಬದುಕಿದೆಯಾ ಬಡಜೀವವೇ ಎಂದುಕೊಂಡ ಬಿಂಗ್ ಸಮ್.

ಗುರುಗಳು ಧೂಪ ಹಚ್ಚಲು ಎದ್ದು ಪೂಜೆಯ ಪೀಠದತ್ತ ಹೊರಟರು. ಕಾಲೆಳೆಯಲಿಲ್ಲ, ಸೊಂಟ ತಿರುಚಲಿಲ್ಲ, ನೆಟ್ಟಗೆ ನಡೆದರು. ಮುಖದಿಂದ ಮಾತ್ರ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಮಂಡಿಯೂರಿದ್ದ ಬಿಂಗ್ ಸಮ್‌ಗೆ ಅವರ ಷರಾಯಿಯ ಅಂಚಿನಡಿ ಎಡಗಾಲಿಗೆ ಬಿಗಿದು ಕಟ್ಟಿದ್ದ ಬಿದಿರಿನ ದಬ್ಬೆಗಳು ಕಂಡವು.

ಪೀಠ ಮುಟ್ಟಿದ ಗುರುಗಳು ಅದನ್ನು ಹಿಡಿದುಕೊಂಡೇ ಇವನತ್ತ ತಿರುಗಿದರು.

"ಹೇಗಿದೆಯೋ? ಈಗ ಯಾರೂ ನಗಲ್ಲ, ಅಲ್ವಾ?"