ಲಕ್ಕಮ್ಮನ ಎರಡು ಲೆಕ್ಕ

ತಮಿಳುನಾಡಿನ ಹನುಮಂತನಪಟ್ಟಿಯಲ್ಲಿ ಬಸ್ಸಿಳಿದಾಗ ತಮಿಳಿನ ನಡುವೆ ಕನ್ನಡ ಕೇಳಿಸಿ ಬೆಚ್ಚಿಬಿದ್ದೆ. ಆದರೆ ಅದೇ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದರೆ ಎರಡು ಉತ್ತರ ಬರುತ್ತಿತ್ತು.

ಅರವತ್ತರ ದಶಕದ ಮಾತು. ತೇನಿಯ ಅಕ್ಕಿ ಗಿರಣಿಯೊಂದರಲ್ಲಿ ಹೊಸ ಗುಮಾಸ್ತ ನಾನು. ಕೊಯ್ಲಿಗೆ ಮುಂಚೆ ಈ ಊರಿನ ಯಾವ ಗದ್ದೆ ಎಷ್ಟು ಮೂಟೆ ಕೊಟ್ಟೀತೆಂದು ಬರೆದು ಕಳಿಸಬೇಕು. ಗಿರಣಿ ಅಷ್ಟು ಚೀಲ ಕಳಿಸುತ್ತದೆ. ನನಗೆ ಜಗಲಿಯ ಕೋಣೆ ಕೊಟ್ಟು ಅನ್ನ ಹಾಕುತ್ತಿದ್ದ ಲಕ್ಕಮ್ಮನನ್ನೇ ಮೊದಲು ಕೇಳಿದೆ, ಅವಳ ಗದ್ದೆ ಎಷ್ಟು ಕೊಟ್ಟೀತೆಂದು.

"ಮೂವತ್ತಕ್ಕೆ ಕಮ್ಮಿ ಆಗಕ್ಕಿಲ್ಲ, ಐವತ್ತು ದಾಟಕ್ಕಿಲ್ಲ ತಂಬಿ." ತಂಬಿ ಎಂದರೆ ತಮ್ಮ.

ಮಂಡ್ಯದ ಕಡೆ ನಮ್ಮಪ್ಪ ಒಂದೇ ಸಂಖ್ಯೆ ಹೇಳಿ, ತಪ್ಪಾದರೂ ಅದಕ್ಕೇ ಅಂಟಿಕೊಳ್ಳುತ್ತಿದ್ದರು. ಎರಡು ಹೇಳಿದವನು ಅಲ್ಲಿ ಜಾರಿಕೊಳ್ಳುವವನು. ಗಿರಣಿಯ ಕಾಗದದಲ್ಲೂ ಸಂಖ್ಯೆ ಬರೆಯಲು ಒಂದೇ ಮನೆಯಿತ್ತು. ನಲವತ್ತು ಎಂದು ಬರೆದೆ.

ನಲವತ್ತೆಂಟು ಮೂಟೆ ಬೆಳೆಯಿತು. ಚೀಲವಿಲ್ಲದೆ ಕಣದಲ್ಲೇ ಉಳಿದ ಎಂಟು ಮೂಟೆ ಭತ್ತ ಮಳೆಗೆ ನೆನೆದು ಮೊಳಕೆಯೊಡೆಯಿತು. ಅದು ಅವಳ ಬಿತ್ತನೆಯ ಭತ್ತ. ಅವಳು ಎಂದಿನಂತೆ ಕುಳಂಬು ಬಡಿಸಿದಳು, ನಮ್ಮ ಹುಳಿಯಂಥದೇ, ಹುಣಸೆ ಜಾಸ್ತಿ. ನಾನು ನಾಚಿಕೆಯಿಂದ ತಲೆಯೆತ್ತದೆ ಉಂಡೆ.

"ಐವತ್ತಂದಿದ್ನಲ್ಲ, ಎಲ್ಲೋಯ್ತು ಅದು?"

"ಬರೆಯೋಕೆ ಜಾಗ ಇರಲಿಲ್ಲ ಅವ್ವ."

"ಜಾಗ ಇಲ್ಲಾಂತ ನನ್ ಮಾತ್ನ ಬಿಸಾಕ್ಬುಟ್ಟ್ಯಾ?"

ಮುಂದಿನ ಬೆಳೆಗೆ, ಸಾಲ ತಂದ ಬಿತ್ತನೆಯಲ್ಲಿ ಬೆಳೆದ ಗದ್ದೆಗೆ, ನನ್ನನ್ನೂ ಕರೆದೊಯ್ದಳು. ಬದುವಿನ ಮೇಲೆ ನಿಂತು ಮೂವತ್ತು-ಐವತ್ತು ಎಂದಳು. ಒಳಗಿಳಿದು ನಾಲ್ಕು ಕಡೆ ಕದಿರು, ಅಂದರೆ ತೆನೆ, ಉಜ್ಜಿ ಹೊಟ್ಟು ಊದಿ, ಮೂವತ್ತೆಂಟು-ನಲವತ್ತಾರು ಎಂದಳು. ಒಂದು ಪಟ್ಟೆ ಕೊಯ್ದು ಬಡಿದ ಮೇಲೆ ನಲವತ್ತೊಂದು-ನಲವತ್ತನಾಲ್ಕು.

"ಮೊದ್ಲು ಎಷ್ಟಗ್ಲ ಇತ್ತು, ಈಗ ಎಷ್ಟೈತೆ ನೋಡು. ಎಷ್ಟು ಕಿರಿದಾಯ್ತೋ ಅಷ್ಟು ತಿಳ್ಕೊಂಡೆ ಅಂತ."

ಓದಿದವನೆಂಬ ನನ್ನ ಜಂಬ ಅಲ್ಲೇ ಇಳಿಯಿತು. ಕಾಗದದ ಮನೆಗೆ ನಡುವೆ ಗೆರೆ ಎಳೆದು ಎರಡೂ ಸಂಖ್ಯೆ ಬರೆದೆ. ಗಿರಣಿಯ ಯಜಮಾನರು ಗೊಣಗುತ್ತಲೇ ನಲವತ್ತನಾಲ್ಕು ಚೀಲ ಕಳಿಸಿದರು. ನಲವತ್ತೆರಡು ತುಂಬಿದವು. ಉಳಿದೆರಡನ್ನು ಲಕ್ಕಮ್ಮ ಹೊಲಿದು ನನಗೆ ಹಾಸಲು ಕೊಟ್ಟಳು.

ಊರಿಂದ ನಮ್ಮವ್ವ ಕಾಗದ ಬರೆಸಿದ್ದಳು, ಯಾವತ್ತು ಬರ್ತೀಯ ಎಂದು. ಮೊದಲಾದರೆ ತಾರೀಖು ಬರೆಯುತ್ತಿದ್ದೆ. ಈ ಸಲ, ದೀಪಾವಳಿಗೆ ಮೊದಲಲ್ಲ, ಸಂಕ್ರಾಂತಿ ದಾಟುವುದಿಲ್ಲ ಎಂದು ಬರೆದೆ. "ಒಂದು ದಿನ ಹೇಳೋದನ್ನೂ ಮರೆತೆಯಾ?" ಎಂದು ಉತ್ತರ ಬಂತು. ಅದನ್ನು ಲಕ್ಕಮ್ಮನಿಗೆ ಓದಿ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ.

"ಭಾಳ ಅಗ್ಲ ಐತೆ ತಂಬಿ," ಎಂದಳು. "ಓಗೋಕೆ ಮನ್ಸೈತೋ ಇಲ್ವೋ, ನಿಂಗೇ ಇನ್ನೂ ಗೊತ್ತಿಲ್ಲ."