ಸಫೀರನ ಮುಖವಿಲ್ಲದ ಹೆಂಗಸು

ಆ ಹೆಂಗಸು ಯಾರು ಎಂಬ ಚಿಂತೆ ಮಗುವಿಗೆ ಗಂಜಿ ತಿನ್ನಿಸುವಾಗಲೂ ನುಸೈಬಾಳನ್ನು ಬಿಡಲಿಲ್ಲ. ಕಪಾಟಿನ ಹಿಂದೆ ಸುರುಳಿ ಸುತ್ತಿಟ್ಟಿದ್ದ ಕಾಗದಗಳಲ್ಲೆಲ್ಲ ಅವಳೇ. ಕಪ್ಪು ಶಾಯಿಯಲ್ಲಿ ಬಾಗಿದ ಕತ್ತು, ತಲೆಗೆ ಹೊದ್ದ ಬಟ್ಟೆ, ಮಡಿಲಲ್ಲಿ ಕೂಡಿದ ಎರಡು ಕೈ. ಮುಖ ಮಾತ್ರ ಖಾಲಿ.

ಬರೆದವನು ಅವಳ ಗಂಡ ಸಫೀರ್. ಸುಳ್ಯದಲ್ಲಿ ಅಂಗಡಿ ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದು ಕುಂಚದ ಕೆಲಸ ಕಮ್ಮಿಯಾದ ಮೇಲೂ ಬಸ್ಸಿನ ಹೆಸರು ಬರೆಯಲು ಅವನೇ ಬೇಕು. ಅಕ್ಷರವನ್ನು ಒಂದೇ ಎಳೆತಕ್ಕೆ ಮುಗಿಸುವ ಕೈ. ತಿದ್ದಿದರೆ ಬಣ್ಣ ದಂಡ ಎನ್ನುತ್ತಿದ್ದ. ಅಂಥವನು ಈ ಹೆಂಗಸಿನ ಬೆನ್ನಿಗೆ ಮಾತ್ರ ಗೆರೆಯ ಪಕ್ಕ ಗೆರೆ, ಅದರ ಪಕ್ಕ ಮತ್ತೊಂದು ಎಳೆದಿದ್ದ. ಬೆರಳುಗಳ ಮೇಲಂತೂ ಎಷ್ಟು ಗೆರೆಗಳೆಂದರೆ ಅವು ಅಲುಗಾಡುವಂತೆ ಕಾಣುತ್ತಿದ್ದವು. ಮೊಬೈಲಿನಲ್ಲಿ ಮೆಸೇಜ್ ಒತ್ತುತ್ತಿದ್ದಾಳೆ, ಬೇರೇನಿದ್ದೀತು? ಇಷ್ಟು ಸಲ ಬರೆಯಬೇಕಾದರೆ ಅಷ್ಟು ಹೊತ್ತು ಅವಳ ಎದುರು ಕೂತಿರಬೇಕು. ಆದಿತ್ಯವಾರಗಳಲ್ಲಿ ಸುಬ್ರಹ್ಮಣ್ಯದಲ್ಲಿ ಲಾಡ್ಜಿನ ಬೋರ್ಡ್ ಉಂಟು ಎಂದು ಹೋದವನ ಅಂಗಿಯಲ್ಲಿ ಪೇಂಟಿನ ವಾಸನೆ ಇರುತ್ತಿರಲಿಲ್ಲ, ಹೊಗೆಸೊಪ್ಪಿನದ್ದಿರುತ್ತಿತ್ತು. ಅವನೋ ಬೀಡಿ ಸಿಗರೇಟು ಮುಟ್ಟದ ಮನುಷ್ಯ.

ಕೇಳಿದರೆ ಸುಳ್ಳು ಹೇಳಿಯಾನು. ಮಗುವನ್ನೆತ್ತಿಕೊಂಡು ಮಂಗಳೂರಿನ ತವರಿಗೆ ಹೋಗಿಬಿಡುವುದೆಂದು ಅವಳು ಬಟ್ಟೆ ಮಡಚುತ್ತಿದ್ದಾಗ ಪಕ್ಕದ ಮನೆಯ ಚೆನ್ನು ಬಸಳೆ ಕೊಡಲು ಬಂದಳು. ಮಂಚದ ಮೇಲೆ ಹರಡಿದ್ದ ಚಿತ್ರ ನೋಡಿ ನಕ್ಕಳು.

"ಇದೆಂತ ಮಾರಾಯ್ತಿ, ಬೀಡಿ ಕಟ್ಟುವವಳ ಮಡಿಲಲ್ಲಿ ಎಲೆ, ಹೊಗೆಸೊಪ್ಪು ಇಡುವ ಮೊರವೇ ಇಲ್ಲ?"

"ಬೀಡಿಯಾ?"

"ಮತ್ತೆಂತ? ಬೀಡಿಯ ಬಾಯಿ ಮುಚ್ಚುವ ಬೆರಳು ನೋಡು. ಮದುವೆಯಾಗುವವರೆಗೆ ನಾನೂ ಕಟ್ಟಿದವಳೇ. ಬೆನ್ನು ಹೀಗೇ ಆಗುದು. ನಿನ್ನ ಮಾಮಿಯದ್ದು ಸಹ."

ನುಸೈಬಾ ಅಲ್ಲೇ ಕೂತಳು. ಅತ್ತೆ ಹವ್ವಮ್ಮ ಸಫೀರನನ್ನು ಬೀಡಿ ಕಟ್ಟಿಯೇ ಸಾಕಿದವರು. ಹೊಗೆಸೊಪ್ಪಿನ ಹುಡಿ ಮಗುವಿನ ಎದೆಗೆ ಆಗದು ಎಂದು ನುಸೈಬಾ ಹಟ ಹಿಡಿದ ಮೇಲೆ, ಮೊರ ಎತ್ತಿಕೊಂಡು ಆಲಂಕಾರಿನ ಮಗಳ ಮನೆಗೆ ಹೋಗಿದ್ದರು. ಜೀವ ಇರುವವರ ಮುಖ ಬರೆಯಬಾರದು ಎಂದು ಮಗನಿಗೆ ಚಿಕ್ಕಂದಿನಿಂದ ಹೇಳುತ್ತ ಬಂದವರೂ ಅವರೇ.

ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಚೆನ್ನು ಹೋದ ಮೇಲೆ, ಅತ್ತೆ ಹೋದಂದಿನಿಂದ ಒತ್ತದ ನಂಬರನ್ನು ಒತ್ತಿದಳು.

"ಮಾಮಿ, ಇವರು ಆದಿತ್ಯವಾರ ಅಲ್ಲಿಗೆ ಬರುದುಂಟಾ?"

ಆ ಕಡೆ ಮೊರ ಕೆಳಗಿಟ್ಟ ಸದ್ದು ಕೇಳಿತು.

"ಇಲ್ಲ ಮಗಳೇ, ಬರುದೇ ಇಲ್ಲ," ಎಂದರು ಹವ್ವಮ್ಮ. "ಬಂದರೂ ಮೊರ ಮುಟ್ಟುದಿಲ್ಲ. ಮನೆಯಲ್ಲಿ ಮಗು ಉಂಟಲ್ಲ, ಕೈ ತೊಳೆದೇ ಹೊರಡುದು. ಅವನಿಗೆ ಬೈಬೇಡ."

ನುಸೈಬಾ ಮಡಚಿಟ್ಟ ಬಟ್ಟೆಗಳನ್ನು ತಿರುಗಿ ಕಪಾಟಿನೊಳಗೆ ಇಟ್ಟಳು.

"ಈ ವಾರ ನಾನೂ ಮಗುವೂ ಬರ್ತೇವೆ ಮಾಮಿ," ಎಂದಳು. "ಮೊರ ಮಾತ್ರ ಸ್ವಲ್ಪ ಹೊರಗೆ ಇಡಿ."