ಮೀನಿಲ್ಲದ ಮೀನಿನ ನಾತ

ಕಡಲು ಇಳಿದಾಗ ದಡದಲ್ಲಿ ಉಳಿದ ಪಾಚಿ ಬಿಸಿಲಿಗೆ ಕೊಳೆತು ಏಳುವ ಆ ವಾಸನೆ, ಬೆಂದ ಕೋಸಿನಂಥ ಉಪ್ಪುಪ್ಪು ವಾಸನೆ ಮೂಗಿಗೆ ಬಂದರೆ ಇವತ್ತಿಗೂ ನನ್ನ ತಲೆ ತಾನಾಗಿ ತಗ್ಗುತ್ತದೆ. ಅರುವತ್ತರ ದಶಕದ ನಮ್ಮೂರು ಮಂಕಿ ಕಣ್ಣಿಗೆ ಕಟ್ಟುತ್ತದೆ. ಕಡಲಿಗೆ ಬೆನ್ನು ಕೊಟ್ಟು ಕೂತ ನಮ್ಮ ಮನೆ, ಸುತ್ತ ತೆಂಗು, ಜಗಲಿಯಲ್ಲಿ ಅಕ್ಕನನ್ನು ನೋಡಲು ಘಟ್ಟದ ಮೇಲಿನಿಂದ ಬಂದ ನೆಂಟರು. ತೆಂಗಿನ ಬುಡಕ್ಕೆ ಗೊಬ್ಬರವಾಗಿ ಮೀನು ಹೂಳುವುದು ಆಗ ನಮ್ಮ ಕಡೆಯ ರೂಢಿ; ಮೀನು ತಿನ್ನದ ನಾವೂ ಆಳುಗಳಿಂದ ಹಾಕಿಸುತ್ತಿದ್ದೆವು. ಮದುವೆಯ ಮಾತು ನಡೆದಿದೆಯೆಂದು ಆ ವರ್ಷ ಮಾತ್ರ ಅಪ್ಪ ಒಂದು ಬುಟ್ಟಿಯನ್ನೂ ತರಿಸಿರಲಿಲ್ಲ.

ಹುಡುಗನ ತಾಯಿ ಅವಲಕ್ಕಿಯ ತಟ್ಟೆಯನ್ನು ಸರಿಸಿ ಮೂಗಿಗೆ ಸೆರಗು ಹಿಡಿದರು. "ಇದೆಂತ ನಾತ ಭಟ್ರೆ? ನಿಂಗಳ ಮನೇಲಿ ಇವತ್ತು ಬಂಗಡೆ ಹುಳಿಯನ?"

"ಗೊಬ್ರ ಹಾಕ್ಸಿದ್ದೇ ಇಲ್ಲೆ ಅತ್ತಿಗೆ. ಇದು ಸಮುದ್ರದ ಗಾಳಿ," ಎಂದ ಅಪ್ಪ. ಯಾರೂ ಕೇಳದ ಗೊಬ್ಬರದ ಹೆಸರೆತ್ತಿದ್ದೇ ಮುಳುವಾಯಿತು. ಗಾಬರಿಯಲ್ಲಿ ನನ್ನನ್ನು ಕರೆದ. "ಕಾನ್ವೆಂಟಿಗೆ ಹೋಪ ಕೂಸು, ಇವಳನ್ನೇ ಕೇಳಿ." ಕಡಲ ಗಾಳಿಯ ಬಗ್ಗೆ ಸಿಸ್ಟರ್ ಕಲಿಸಿದ್ದನ್ನು ನಾನು ಒಪ್ಪಿಸಿದೆ. "ಓಝೋನ್. ವೆರಿ ಹೆಲ್ದಿ."

"ಮೀನಿಗೆ ಇಂಗ್ಲಿಷಲ್ಲಿ ಹಂಗೆ ಹೇಳ್ತ್ವಾ?" ಎಂದರು ಆಕೆ. ಜಗಲಿಯೇ ನಕ್ಕಿತು. ಬಾಗಿಲ ಮರೆಯಲ್ಲಿದ್ದ ಅಕ್ಕ ಒಳಗೆ ಸರಿದಳು.

ಸಂಬಂಧ ಅಲ್ಲಿಗೇ ಮುರಿಯಿತು. ಅವರು ಹೊರಟ ಮೇಲೆ ಅಪ್ಪ ಮಡಿಪಂಚೆ ಎತ್ತಿಕಟ್ಟಿ, ಆಳು ಹೇಳದೆ ಮೀನು ಹೂತಿರಬಹುದೇ ಎಂದು ಮನೆಯ ಸುತ್ತಲಿನ ಮರಗಳ ಬುಡವನ್ನೆಲ್ಲ ತಾನೇ ಅಗೆದ. ಒಂದು ಮುಳ್ಳೂ ಸಿಗಲಿಲ್ಲ. "ಸಾಕು ಅಪ್ಪಯ್ಯ, ಕೈಕಾಲು ತೊಳ್ಕ," ಎಂದಳು ಅಕ್ಕ, ರೇಷ್ಮೆ ಸೀರೆಯಲ್ಲೇ ನಿಂತು. ಆಮೇಲೆ ಯಾರೆದುರು ಬರುವಾಗಲೂ ಅವಳು ಮೊದಲು ತನ್ನ ಅಂಗೈ ಮೂಸಿಕೊಳ್ಳುತ್ತಿದ್ದಳು. ಕುಮಟಾಕ್ಕೆ ಮದುವೆಯಾಗಿ ಹೋದ ಮೇಲೂ.

ಮೊನ್ನೆ ನನ್ನ ಮೊಮ್ಮಗಳು ಹೇಳಿದಳು, ಅದು ಮೀನೂ ಅಲ್ಲ, ಓಝೋನೂ ಅಲ್ಲವಂತೆ. ಪಾಚಿಯೂ ಕಣ್ಣಿಗೆ ಕಾಣದಷ್ಟು ಸಣ್ಣ ಕಡಲಸಸ್ಯಗಳೂ ಸತ್ತಾಗ ಬ್ಯಾಕ್ಟೀರಿಯಾ ಅವುಗಳಿಂದ ಹೊರಡಿಸುವ ಗಂಧಕದ ಗ್ಯಾಸ್. "ಸೋ ಸಿಂಪಲ್, ಅಜ್ಜಿ." ಸಿಂಪಲ್ಲೇ. ಅಪ್ಪ ಹೇಳಿದ್ದು ನಿಜವಾಗಿತ್ತು; ಅಪ್ಪನೇ ಅದನ್ನು ನಂಬಿರಲಿಲ್ಲ.

ಇದನ್ನು ಅಕ್ಕನಿಗೆ ಹೇಳೋಣವೆಂದರೆ ಈಗ ಅವಳಿಲ್ಲ. ಕುಮಟಾದಲ್ಲಿ ಅವಳ ಕೊನೆಯ ದಿನಗಳಲ್ಲಿ ಕಡಲ ಗಾಳಿ ಮಂಚದವರೆಗೂ ತಣ್ಣಗೆ ಬರುತ್ತಿತ್ತು. ಅಂಗಳದಲ್ಲಿ ಡಾಕ್ಟರ ಕಾರಿನ ಸದ್ದಾದರೆ ಸಾಕು, "ತಂಗಿ, ಕಿಟಕಿ ಹಾಕು, ಅವ್ರಿಗೆ ನಾತ ಬಕ್ಕು," ಎನ್ನುತ್ತಿದ್ದಳು. ನಾನು ಹಾಕುತ್ತಿದ್ದೆ. ಗಾಳಿಯಾಡದ ಆ ಕೋಣೆಯಲ್ಲಿ ಅವಳು ಏದುಸಿರು ಬಿಡುತ್ತ, ಮರ್ಯಾದೆಯಿಂದ ಕಾಯುತ್ತಿದ್ದಳು.